ಒಂದನೇ ಕಾಲದ ಪಾಠ

ಪ್ರಶ್ನೆ: ನಾನು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ ಮಾಡುವ 39 ವರ್ಷದ ಮಹಿಳೆ. ಕಚೇರಿಗೆ ಹೋಗಿ ಬರುವುದಕ್ಕೇ ದಿನಕ್ಕೆ ಮೂರು ಗಂಟೆ ಬೇಕು. ಮನೆ ಸೇರುವಷ್ಟರಲ್ಲಿ ನನ್ನ ತಾಳ್ಮೆ ಪೂರ್ತಿ ಬತ್ತಿಹೋಗಿರುತ್ತದೆ. ಒಂಬತ್ತು ವರ್ಷದ ಮಗಳು ಸಂಗೀತ ಪಾಠಕ್ಕೆ ಸೇರಿ ಐದು ತಿಂಗಳಾದರೂ ಇನ್ನೂ ಸ್ವರಗಳ ಮೊದಲ ಅಭ್ಯಾಸವಾದ ಸರಳೆ ವರಸೆಯನ್ನೇ ಹಾಡುತ್ತಿದ್ದಾಳೆ. ಗೀತೆ ಯಾವಾಗ ಎಂದು ಗುರುಗಳನ್ನು ಎರಡು ಬಾರಿ ಕೇಳಿದ್ದೇನೆ. ಚನ್ನರಾಯಪಟ್ಟಣದ ಕಡೆಯಿಂದ ಬಂದು ನಮ್ಮೊಡನಿರುವ ಅಪ್ಪ ಏನು ಹೇಳಹೊರಟರೂ ಊರಿನಲ್ಲಿ ಬಾವಿ ತೋಡಿಸಿದ ಕಾಲದಿಂದ ಆರಂಭಿಸುತ್ತಾರೆ. ಕಳೆದ ವಾರ "ಬೇಗ ಹೇಳಿ ಮುಗಿಸಿ ಅಪ್ಪ" ಎಂದುಬಿಟ್ಟೆ. "ಇರಲಿ ಬಿಡಮ್ಮ" ಎಂದು ಎದ್ದು ಹೋದವರು ಅಂದಿನಿಂದ ನನ್ನ ಮುಂದೆ ಯಾವ ಮಾತನ್ನೂ ಎತ್ತಿಲ್ಲ. ಮೊಬೈಲಿಗೆ ಧ್ಯಾನದ ಆ್ಯಪ್ ಹಾಕಿಕೊಂಡು ನಾಲ್ಕೇ ದಿನಕ್ಕೆ ಬಿಟ್ಟೆ. ತಾಳ್ಮೆಯನ್ನು ರೂಢಿಸಿಕೊಳ್ಳುವುದು ಸಾಧ್ಯವೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಸಾಧ್ಯವಿದೆ. ಆ್ಯಪ್ ಬಿಟ್ಟದ್ದಕ್ಕೆ ಬೇಸರ ಬೇಡ. ಹತ್ತು ನಿಮಿಷಕ್ಕೆ ಗಂಟೆ ಬಾರಿಸಿ ಎಬ್ಬಿಸುವ ಧ್ಯಾನವು ನಿಮ್ಮ ದಿನಕ್ಕೆ ಮುಗಿಸಬೇಕಾದ ಮತ್ತೊಂದು ಕೆಲಸವಾಗಿ ಸೇರಿಕೊಂಡಿತ್ತು, ಅಷ್ಟೆ. ಇಲ್ಲಿ ಅಚ್ಚಾಗಿರುವುದರ ಮೂರರಷ್ಟು ಉದ್ದವಿದ್ದ ನಿಮ್ಮ ಪತ್ರದಲ್ಲಿ 'ಬೇಗ' ಎಂಬ ಪದ ಹನ್ನೊಂದು ಕಡೆ ಇತ್ತು. (ಎಣಿಸುವಷ್ಟು ಬಿಡುವು ನನಗಿದೆ ಎಂದು ನೀವು ಹೊಟ್ಟೆಕಿಚ್ಚು ಪಡಬಹುದು.)

ನಿಮಗೆ ಬೇಕಾದ ಪಾಠ ಮಗಳ ಪಾಠದಲ್ಲಿಯೇ ಇದೆ. ಪುರಂದರದಾಸರು ಹಾಕಿಕೊಟ್ಟರೆಂದು ಸಂಪ್ರದಾಯವು ನಂಬುವ ಕ್ರಮದಲ್ಲಿ, ಕರ್ನಾಟಕ ಸಂಗೀತ ಕಲಿಯುವ ಮಗು ಮಾಯಾಮಾಳವಗೌಳ ರಾಗದ ಸರಳೆ ವರಸೆಯಿಂದ ಹೊರಟು, ಜಂಟಿ ವರಸೆ ಮತ್ತು ಅಲಂಕಾರಗಳನ್ನು ದಾಟಿದ ಮೇಲೆಯೇ ಗೀತೆಗೆ ಬರುತ್ತದೆ. ಸರಳೆಯನ್ನು ಮೂರು ಕಾಲಗಳಲ್ಲಿ, ಅಂದರೆ ಮೂರು ವೇಗಗಳಲ್ಲಿ, ಹಾಡಿಸುತ್ತಾರೆ. ಆದಿತಾಳದ ಎಂಟು ಅಕ್ಷರಗಳನ್ನು, ಎಂದರೆ ಎಣಿಕೆಗಳನ್ನು, ಹಾಕುವ ಕೈಯ ನಡೆ ಮೂರರಲ್ಲಿಯೂ ಒಂದೇ; ಒಂದನೇ ಕಾಲದಲ್ಲಿ ಅಕ್ಷರಕ್ಕೆ ಒಂದು ಸ್ವರವಾದರೆ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು. ಮಕ್ಕಳಿಗೆ ಮೂರನೇ ಕಾಲವೆಂದರೆ ಪ್ರಾಣ, ಏಕೆಂದರೆ ಆ ಓಟದಲ್ಲಿ ಅಪಸ್ವರಗಳೂ ಜೊತೆಯಲ್ಲೇ ಓಡಿಹೋಗುತ್ತವೆ. ಒಂದನೇ ಕಾಲದಲ್ಲಿ ರಿಷಭವನ್ನು ಹಿಡಿದು ನಿಲ್ಲಬೇಕು. ಶ್ರುತಿ ಎಳ್ಳಷ್ಟು ಸರಿದರೂ ತಂಬೂರಿಯ ಪಕ್ಕದಲ್ಲಿ ಅದು ಎದ್ದು ಕೇಳಿಸುತ್ತದೆ, ಉಸಿರು ಸಾಲದಿರುವುದೂ ಬಯಲಾಗುತ್ತದೆ. ನಿಧಾನವೇ ಹೆಚ್ಚು ಕಷ್ಟ. ಐದು ತಿಂಗಳಾದರೂ ಅವಸರ ಮಾಡದ ಆ ಗುರುಗಳು ನನಗಂತೂ ಇಷ್ಟವಾದರು.

ನಿಮ್ಮ ದಿನದ ತಾಳವೂ ಎಲ್ಲರಂತೆಯೇ ಇದೆ, ನೀವು ಅಕ್ಷರಕ್ಕೆ ನಾಲ್ಕು ಸ್ವರ ತುರುಕಿದ್ದೀರಿ. ಕಚೇರಿಯಲ್ಲಿ ಅದು ಅನಿವಾರ್ಯವಿರಬಹುದು, ಟ್ರಾಫಿಕ್ಕಿಗೆ ನನ್ನಲ್ಲಿಯೂ ಮದ್ದಿಲ್ಲ. ತೊಂದರೆಯಿರುವುದು, ಮನೆಗೆ ಬಂದ ಮೇಲೂ ಕಾಲ ಬದಲಿಸದೆ ಅಪ್ಪನ ಎದುರು ಕೂರುವುದರಲ್ಲಿ. ಅವರು ಮೊದಲ ಸ್ವರದಲ್ಲಿರುವಾಗಲೇ ನೀವು ನಾಲ್ಕನೆಯದನ್ನು ಮುಗಿಸಿ ಕಾಯುತ್ತಿರುತ್ತೀರಿ.

ಆದ್ದರಿಂದ ಕೈಗೆ ಅವಸರ ಒಗ್ಗದ ಕೆಲಸವೊಂದನ್ನು ಕೊಡಿ. ಈಗ ಅವರೆಯ ಕಾಲ. ಶನಿವಾರ ಬೆಳಿಗ್ಗೆ ಒಂದು ಸೇರು ಅವರೆಕಾಳನ್ನು ನೆನೆಹಾಕಿ, ಸಂಜೆ ಪಾತ್ರೆಯನ್ನು ಅಪ್ಪನ ಮುಂದಿಟ್ಟು ಇಬ್ಬರೂ ಹಿತುಕಲು ಕುಳಿತುಕೊಳ್ಳಿ. ಹೆಬ್ಬೆರಳು, ತೋರುಬೆರಳಿನ ನಡುವೆ ಹದವಾಗಿ ಒತ್ತಿದರೆ ಸಿಪ್ಪೆ ಬೆರಳಲ್ಲಿ ಉಳಿದು ಬೇಳೆ ಜಾರಿ ಬರುತ್ತದೆ. ಆತುರಪಟ್ಟು ಜೋರಾಗಿ ಒತ್ತಿದರೆ ಅದು ಚಿಮ್ಮಿ ಸೋಫಾದ ಅಡಿಗೆ ಹೋಗುತ್ತದೆ, ಆಮೇಲೆ ಬಗ್ಗಿ ಹುಡುಕುವವರೂ ನೀವೇ. ಹಿತುಕಿದ ಬೇಳೆ ಬೀದಿಯಲ್ಲಿಯೇ ಸಿಗುತ್ತದೆಂದು ಕೊಂಡು ತಂದೀರಿ, ಎಚ್ಚರ. ಮೊಬೈಲು ಒಳಕೋಣೆಯಲ್ಲಿರಲಿ, ಬೆರಳೆಲ್ಲ ಒದ್ದೆಯಾಗಿರುವುದರಿಂದ ಹೇಗೂ ಅದನ್ನು ಮುಟ್ಟಲಾಗದು. ಮೊದಲ ಕಾಲು ಗಂಟೆ ಮೈ ಚಡಪಡಿಸುತ್ತದೆ. ಚಡಪಡಿಸಲಿ, ಅಭ್ಯಾಸವೆಂದರೆ ಆ ಕಾಲು ಗಂಟೆಯನ್ನು ಕೂತು ಕಳೆಯುವುದೇ.

ಅಪ್ಪನ ಬಳಿ ಕ್ಷಮೆ ಕೇಳಲು ಹೋಗಬೇಡಿ, ಅವರಿಗೇ ಸಂಕೋಚವಾದೀತು. "ಮೊನ್ನೆ ಬಾವಿಯ ವಿಷಯ ಅರ್ಧಕ್ಕೇ ನಿಂತಿತ್ತಲ್ಲ, ಎಷ್ಟು ಅಡಿಗೆ ನೀರು ಸಿಕ್ಕಿತು ಅಪ್ಪ?" ಎಂದು ಕೇಳಿ. ಗೀತೆ ಯಾವಾಗ ಎಂದು ಗುರುಗಳನ್ನು ಕೇಳುವುದನ್ನು ಮಾತ್ರ ಯುಗಾದಿಯವರೆಗೆ ಮುಂದೂಡಿ.