ಟ, ಣ, ಳ ಧ್ವನಿಗಳು ನಮ್ಮಲ್ಲಿ ಮಾತ್ರ ಇವೆಯೇ?

ಚಳ್ಳಕೆರೆಯನ್ನು ಹಿಂದಿ ಮಾತನಾಡುವವರು ‘ಚಲ್ಲಕೆರೆ’ ಎನ್ನುವುದನ್ನು ಕೇಳಿ, ಟ, ಣ, ಳಗಳಂತಹ ಮೂರ್ಧನ್ಯ ವ್ಯಂಜನಗಳು ದ್ರಾವಿಡ ಭಾಷೆಗಳಿಗೆ ಮಾತ್ರ ಸೇರಿದವೇ ಎಂದು ನೀವು ಕೇಳಿದ್ದೀರಿ. ಖಂಡಿತ ಅಲ್ಲ. ಮರಾಠಿ, ಗುಜರಾತಿ, ಪಂಜಾಬಿ, ಒಡಿಯಾಗಳಲ್ಲಿಯೂ ಳಕಾರವಿದೆ. ಆದರೆ ಶಿಷ್ಟ ಹಿಂದಿಯಲ್ಲಿ ಅದಿಲ್ಲ. ಕಲ್ಲು ಮತ್ತು ಕಳ್ಳುಗಳನ್ನು ನಮ್ಮಲ್ಲಿ ಬೇರ್ಪಡಿಸುವ ಈ ವ್ಯತ್ಯಾಸ ತಮ್ಮ ಭಾಷೆಯಲ್ಲಿ ಅರ್ಥವನ್ನು ಬದಲಿಸದ ಕಾರಣ, ಅದನ್ನು ಗುರುತಿಸುವ ಅಭ್ಯಾಸ ಅವರ ಕಿವಿಗಿರುವುದಿಲ್ಲ.

ಭಾರತದ ಆಚೆಗೂ, ಆಸ್ಟ್ರೇಲಿಯದ ಮೂಲನಿವಾಸಿಗಳ ವಾರ್ಲ್‌ಪಿರಿ ಮೊದಲಾದ ಭಾಷೆಗಳಲ್ಲಿ ಇಂತಹ ಧ್ವನಿಗಳಿವೆ. ಸ್ವೀಡಿಷ್ ಮತ್ತು ನಾರ್ವೇಜಿಯನ್ ಭಾಷೆಗಳ ಅನೇಕ ಪ್ರಭೇದಗಳಲ್ಲಿ ರಕಾರದ ನಂತರ ತಕಾರ ಬಂದರೆ ಎರಡೂ ಬೆರೆತು ಟಕಾರದಂತಹ ಒಂದೇ ಧ್ವನಿಯಾಗುತ್ತದೆ. ಇದಕ್ಕೆ ವಿರುದ್ಧವಾಗಿ, ನಮ್ಮ ದೇಶದ್ದೇ ಆದ ಅಸ್ಸಾಮಿಯಲ್ಲಿ ದಂತ್ಯ ತಕಾರ ಮತ್ತು ಮೂರ್ಧನ್ಯ ಟಕಾರಗಳು ಲಿಪಿಯಲ್ಲಷ್ಟೇ ಬೇರೆಯಾಗಿ ಉಳಿದು, ಉಚ್ಚಾರದಲ್ಲಿ ಒಂದಾಗಿವೆ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು, ‘ಮೂರ್ಧನ್ಯ’ ಎಂಬ ಒಂದೇ ಹೆಸರಿನಡಿ ನಾಲಿಗೆ ಬೇರೆ ಬೇರೆ ಕೆಲಸ ಮಾಡುತ್ತದೆ ಎಂಬುದು: ತಮಿಳು, ತೆಲುಗುಗಳಲ್ಲಿ ನಾಲಿಗೆ ಹಿಂದಕ್ಕೆ ಸುರುಳಿಯಾಗಿ ಅದರ ತುದಿಯ ಅಡಿಭಾಗ ಗಟ್ಟಿ ಅಂಗುಳನ್ನು ಮುಟ್ಟಿದರೆ, ಹಿಂದಿಯಲ್ಲಿ ಸಾಮಾನ್ಯವಾಗಿ ತುದಿಯಷ್ಟೇ ಇನ್ನೂ ಸ್ವಲ್ಪ ಮುಂದೆ ತಾಗುತ್ತದೆ. ಚೀನಾದ ಮ್ಯಾಂಡರಿನ್‌ನಲ್ಲಿ ಮೂರ್ಧನ್ಯವೆಂದು ಕರೆಯುವ ಶಕಾರದಂತಹ ಧ್ವನಿಗೆ ನಾಲಿಗೆ ಹಾಗೆ ಸುರುಳಿಯಾಗುವುದೇ ಇಲ್ಲ.