ಅವ್ವನ ರಾತ್ರಿ ಮಾತ್ರೆ ಜೊತೆ ಮೊಣಕಾಲು ನೋವಿನ ಮಾತ್ರೆ ಕೊಡಬಹುದಾ?

ಪ್ರಶ್ನೆ: ನಮ್ಮ ಅವ್ವನಿಗೆ 58 ವರ್ಷ. ಅಪ್ಪ ಹೋದ ಮೇಲೆ ಮಾತು ಕಡಿಮೆ, ಊಟವೂ ಕಡಿಮೆ. ಬಾಗಲಕೋಟೆಯಲ್ಲಿ ತೋರಿಸಿದೆವು. ರಾತ್ರಿಗೆ ಮಿರ್ಟಾಜಪಿನ್ 7.5 ಮಿಲಿಗ್ರಾಂ ಬರೆದರು. ವಾರದಲ್ಲೇ ನಿದ್ದೆ ಬಂತು. ಅರ್ಧ ರೊಟ್ಟಿಗೇ ಸಾಕೆನ್ನುತ್ತಿದ್ದವಳು ಎರಡು ತಿನ್ನುತ್ತಾಳೆ. ಆದರೆ ಬೆಳಿಗ್ಗೆ ಮಂಪರು, ಮನಸ್ಸು ಇನ್ನೂ ಹಾಗೇ ಇದೆ. ಇದು ಬರೀ ನಿದ್ದೆ ಮಾತ್ರೆನಾ? ಮೊಣಕಾಲು ನೋವಿಗೆ ಮೆಡಿಕಲ್‌ನವರು ಟ್ರಮಡಾಲ್ ಕೊಟ್ಟಿದ್ದಾರೆ, ಕೊಡಲಾ?
– ಓದುಗರೊಬ್ಬರು, ಜಮಖಂಡಿ

ಉತ್ತರ: ಟ್ರಮಡಾಲ್ ಸದ್ಯ ಕೊಡಬೇಡಿ. ಮೊದಲು ಅವ್ವನ ಡಾಕ್ಟರಿಗೆ ಫೋನ್ ಮಾಡಿ, ಬೇರೆ ನೋವಿನ ಮಾತ್ರೆ ಕೇಳಿ.

ಮಿರ್ಟಾಜಪಿನ್ ಬರೀ ನಿದ್ದೆ ಮಾತ್ರೆ ಅಲ್ಲ, ಖಿನ್ನತೆಗೆ ಕೊಡುವ ಮಾತ್ರೆ. ನಿದ್ದೆ, ಹಸಿವು ಬೇಗ ಬಂದದ್ದು ಮಿದುಳಿನಲ್ಲಿ ನಮ್ಮನ್ನು ಎಚ್ಚರವಾಗಿಡುವ ಹಿಸ್ಟಮಿನ್‌ನ ರಿಸೆಪ್ಟರ್ (ಸಂದೇಶ ಹಿಡಿಯುವ ಜಾಗ) ಮುಚ್ಚಿಕೊಂಡಿದ್ದರಿಂದ. ನೆಗಡಿಯ ಹಳೆ ಮಾತ್ರೆ ನುಂಗಿದರೆ ಕಣ್ಣು ಎಳೆಯುತ್ತದಲ್ವಾ, ಅದೇ ದಾರಿ. ಡೋಸ್ ಕಡಿಮೆ ಇದ್ದಾಗ ಇದೇ ಗುಣ ಎದ್ದು ಕಾಣುತ್ತದೆ. ಮನಸ್ಸಿನ ಕೆಲಸ ಬೇರೆ. ಮಿದುಳಿನಲ್ಲಿ ಆಲ್ಫಾ-2 ಅನ್ನೋ ರಿಸೆಪ್ಟರ್ ಇದೆ, ಮನಸ್ಸಿನ ಮೇಲೆ ಕೆಲಸ ಮಾಡುವ ನಾರ್‌ಅಡ್ರಿನಲಿನ್ ಮತ್ತು ಸೆರೋಟೋನಿನ್ ಎಂಬ ಮಿದುಳಿನ ರಾಸಾಯನಿಕಗಳು ಹೊರಬರುವಾಗ 'ಇಷ್ಟು ಸಾಕು' ಎಂದು ತಡೆಯುವುದು ಅದೇ. ಈ ಮಾತ್ರೆ ಆ ತಡೆಯನ್ನು ತೆಗೆಯುತ್ತದೆ, ಆಗ ಎರಡೂ ಜಾಸ್ತಿ ಹರಿಯುತ್ತವೆ. ಅದರ ಫಲ ಮನಸ್ಸಿಗೆ ತಿಳಿಯಲು ಎರಡರಿಂದ ನಾಲ್ಕು ವಾರ ಬೇಕು, ಅದಕ್ಕೇ ಅವ್ವ ಇನ್ನೂ ಮಂಕಾಗಿದ್ದಾರೆ. ನೀವಾಗಿಯೇ ನಿಲ್ಲಿಸಬೇಡಿ.

ಟ್ರಮಡಾಲ್ ಕೂಡ ಸೆರೋಟೋನಿನ್ ಹೆಚ್ಚಿಸುತ್ತದೆ. ಎರಡೂ ಸೇರಿದರೆ ಅಪರೂಪಕ್ಕೆ ಮೈ ನಡುಗುವುದು, ಬೆವರು, ಜ್ವರ, ಚಡಪಡಿಕೆ, ಗೊಂದಲ ಬರಬಹುದು. ಈಗಾಗಲೇ ಕೊಟ್ಟಿದ್ದು ಹೀಗೇನಾದರೂ ಕಂಡರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಇನ್ನೊಂದು ಕಷ್ಟ ಮಂಪರು. ಟ್ರಮಡಾಲ್, ಅಲರ್ಜಿಯ ಸೆಟಿರಿಜಿನ್, ನಿದ್ದೆ-ಆತಂಕದ ಡಯಾಜೆಪಾಮ್, ಸಾರಾಯಿ, ಯಾವುದು ಸೇರಿದರೂ ತೂಕಡಿಕೆ ಏರುತ್ತದೆ, ರಾತ್ರಿ ಬಚ್ಚಲಿಗೆ ಎದ್ದಾಗ ಬೀಳುವ ಭಯವೂ ಇರುತ್ತದೆ. ಬಿಪಿಗೆ ಕ್ಲೋನಿಡಿನ್ ತಗೊಳ್ಳುತ್ತಿದ್ದರೆ ತಪ್ಪದೆ ಹೇಳಿ. ಅದು ಕೆಲಸ ಮಾಡುವುದೂ ಇದೇ ಆಲ್ಫಾ-2 ಮೂಲಕ, ಮಿರ್ಟಾಜಪಿನ್ ಅಡ್ಡ ನಿಂತರೆ ಬಿಪಿ ಏರಬಹುದು. ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್, ಫೆನಿಟಾಯಿನ್ ಮಾತ್ರ ಉಲ್ಟಾ, ಮಿರ್ಟಾಜಪಿನ್ ಅನ್ನು ರಕ್ತದಿಂದ ಬೇಗ ಖಾಲಿ ಮಾಡುತ್ತವೆ.

ಎರಡು ರೊಟ್ಟಿ ತಿನ್ನುತ್ತಿರುವುದು ಸಂತೋಷವೇ, ಆದರೆ ತಿಂಗಳಿಗೊಮ್ಮೆ ತೂಕ ನೋಡಿ. ಗಂಟಲು ನೋವಿನ ಜೊತೆ ಜ್ವರ ಬಂದರೆ ರಕ್ತ ಪರೀಕ್ಷೆ ಮಾಡಿಸಬೇಕು, ಮಿರ್ಟಾಜಪಿನ್‌ನಿಂದ ಅಪರೂಪಕ್ಕೆ ಬಿಳಿ ರಕ್ತಕಣ ಕಡಿಮೆಯಾಗುತ್ತದೆ. ಸಾಯುವ ಮಾತು ಬಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.