ಕಥೆಯ ಕೊನೆ ಮೊದಲೇ ಗೊತ್ತಿದ್ದರೆ ಆಡಿಸುವುದು ಹೇಗೆ?

ಪ್ರಶ್ನೆ: ಆಟಗಾರರು ಒಂದೊಂದು ಪಾತ್ರ ವಹಿಸಿ ಕಥೆ ಕಟ್ಟುವ ರೋಲ್-ಪ್ಲೇಯಿಂಗ್ ಆಟ ಆಡಿಸುತ್ತೇನೆ. 'ದ ಲಾರ್ಡ್ ಆಫ್ ದ ರಿಂಗ್ಸ್' ಬರೆದ ಟೋಲ್ಕಿನ್ ಅವರ ಕಾಲ್ಪನಿಕ ಲೋಕ ಮಿಡ್ಲ್-ಅರ್ಥ್‌ನಲ್ಲಿ ದೊಡ್ಡದೊಂದು ಕ್ಯಾಂಪೇನ್ (ಹಲವು ಸಲ ಕೂತು ಆಡುವ ಒಂದೇ ಕಥೆ) ನಡೆಸಬೇಕು ಅಂತ ಆಸೆ. ಇದುವರೆಗೆ ನಾನೇ ಕಟ್ಟಿದ ಲೋಕದಲ್ಲಿ ಆಡಿಸಿದ್ದೇನೆ, ಹಾಗಾಗಿ ಈಗ ಸ್ವಲ್ಪ ಭಯ. ಐದು ಜನ ಆಟಗಾರರಲ್ಲಿ ಒಬ್ಬರಿಗೆ ಆ ಪುಸ್ತಕಗಳು ಬಾಯಿಪಾಠ. ಇಬ್ಬರು ಓದೇ ಇಲ್ಲ. ಆ ಕಥೆಯ ಕೊನೆಗೆ ಮಾಯಾ ಉಂಗುರ ನಾಶವಾಗುತ್ತದೆ, ಅದರ ಒಡೆಯ, ದುಷ್ಟ ಸೌರಾನ್ ಸೋಲುತ್ತಾನೆ. ಇದು ಮೊದಲೇ ತೀರ್ಮಾನ ಆಗಿರುವಾಗ ಆಟಗಾರರಿಗೆ ಮಾಡಲು ಏನು ಉಳಿಯುತ್ತದೆ? ಅವರು ಕಥೆಯನ್ನೇ ಬುಡಮೇಲು ಮಾಡಲು ಹೊರಟರೆ ತಡೆಯಬೇಕಾ?

ಉತ್ತರ: ತಡೆಯಬೇಡಿ. ತಾವು ಏನು ಮಾಡಿದರೂ ಏನೂ ಬದಲಾಗುವುದಿಲ್ಲ ಅಂತ ಆಟಗಾರರಿಗೆ ಅನಿಸಿದ ದಿನವೇ ಕ್ಯಾಂಪೇನ್ ಸಾಯುತ್ತದೆ. ನಾನು ಪಾಲಿಸುವ ಕಟ್ಟಳೆ ಒಂದೇ. ಮೊದಲ ಸೆಷನ್ ಶುರುವಾಗುವ ದಿನದವರೆಗೆ ಪುಸ್ತಕದಲ್ಲಿ ಇರುವುದೆಲ್ಲ ನಡೆದುಹೋದ ಸತ್ಯ. ಅದರ ನಂತರ ಬರೆದಿರುವುದು, ನಿಮ್ಮ ಆಟಗಾರರ ಪಾತ್ರಗಳು ಆ ಲೋಕದಲ್ಲಿ ಹುಟ್ಟದೇ ಇದ್ದಿದ್ದರೆ ಏನಾಗುತ್ತಿತ್ತು ಅನ್ನುವುದು. ಅವರು ಹುಟ್ಟಿದ್ದಾರೆ, ಹಾಗಾಗಿ ಲೆಕ್ಕ ಬದಲಾಗಲೇಬೇಕು. ಈ ಮಾತನ್ನು ಸೆಷನ್ ಜೀರೋದಲ್ಲೇ, ಅಂದರೆ ಆಟ ಶುರುವಾಗುವ ಮೊದಲು ಎಲ್ಲರೂ ಕೂತು ಮಾತಾಡುವ ದಿನವೇ, ಬಾಯಿಬಿಟ್ಟು ಹೇಳಿ. ಜೊತೆಗೆ, 'ಈ ಲೋಕದಲ್ಲಿ ಯಾವ ಒಂದು ಸಂಗತಿ ಮುರಿದರೆ ನಿಮಗೆ ಬೇಜಾರಾಗುತ್ತದೆ?' ಅಂತ ಒಬ್ಬೊಬ್ಬರನ್ನೂ ಕೇಳಿ ಬರೆದಿಟ್ಟುಕೊಳ್ಳಿ. ಉತ್ತರಗಳು ಬಹಳ ಸಣ್ಣವಾಗಿರುತ್ತವೆ. ಒಬ್ಬರಿಗೆ ಹಾಬಿಟ್ ಎಂಬ ಗಿಡ್ಡ ಜನರ ನಾಡಾದ ಶೈರ್ ಸುಡಬಾರದು, ಇನ್ನೊಬ್ಬರಿಗೆ ಮಾಂತ್ರಿಕ ಗ್ಯಾಂಡಾಲ್ಫ್ ಕೆಟ್ಟವನಾಗಬಾರದು. ಅಷ್ಟನ್ನು ಕಾಪಾಡಿದರೆ ಸಾಕು.

ಇನ್ನು ಕಾಲದ ಆಯ್ಕೆ. ನನ್ನ ಪ್ರಕಾರ ಅರ್ಧ ಸಮಸ್ಯೆ ಇಲ್ಲೇ ಬಗೆಹರಿಯುತ್ತದೆ. ಉಂಗುರವನ್ನು ಹೊತ್ತು ಹಾಬಿಟ್ ಫ್ರೋಡೋ ಹೊರಡುವುದು ಆ ಲೋಕದ ಮೂರನೇ ಯುಗದ 3018ರಲ್ಲಿ. ಹಿಂದಿನ ಪುಸ್ತಕ ದ ಹಾಬಿಟ್‌ನ ನಾಯಕ ಬಿಲ್ಬೋ ಕಂಡ ಐದು ಸೇನೆಗಳ ಯುದ್ಧ ನಡೆದದ್ದು 2941ರಲ್ಲಿ. ನಡುವೆ 77 ವರ್ಷಗಳಿವೆ. ದ ಲಾರ್ಡ್ ಆಫ್ ದ ರಿಂಗ್ಸ್‌ನ ಅನುಬಂಧದಲ್ಲಿ ಇಸವಿವಾರು ಪಟ್ಟಿ ಇದೆ. ಈ 77 ವರ್ಷಗಳಿಗೆ ಅಲ್ಲಿ ಸಿಕ್ಕಿರುವುದು ಕೆಲವೇ ಸಾಲು. 2951ರಲ್ಲಿ ಸೌರಾನ್ ಬಹಿರಂಗವಾಗಿ ಕಾಣಿಸಿಕೊಂಡು ಮೊರ್ಡೋರ್‌ನಲ್ಲಿ ತನ್ನ ಕೋಟೆಯನ್ನು ಮತ್ತೆ ಕಟ್ಟಲು ಶುರುಮಾಡುತ್ತಾನೆ. ಮರ್ಕ್‌ವುಡ್ ಕಾಡಿನಲ್ಲಿರುವ ಡೋಲ್ ಗುಲ್ಡೂರ್ ಕೋಟೆಗೆ ತನ್ನ ಸೇವಕರಾದ ನಾಜ್‌ಗುಲ್ ಪ್ರೇತಗಳಲ್ಲಿ ಮೂವರನ್ನು ಕಳಿಸುತ್ತಾನೆ. ಎರಡು ವರ್ಷದ ನಂತರ ಮಾಂತ್ರಿಕ ಸಾರುಮಾನ್ ಐಸೆನ್‌ಗಾರ್ಡ್ ಕೋಟೆಯನ್ನು ತನ್ನದಾಗಿ ಮಾಡಿಕೊಳ್ಳುತ್ತಾನೆ. ಆ ಹೊತ್ತಿಗೆ ಡ್ರ್ಯಾಗನ್ ಸುಟ್ಟ ಡೇಲ್ ಊರು ಬಾರ್ಡ್‌ನ ಕೈಯಲ್ಲಿ ಮತ್ತೆ ಎದ್ದಿದೆ, ಕುಬ್ಜರು ತಮ್ಮ ಹಳೆಯ ನೆಲೆಯಾದ ಎರೆಬೋರ್ ಪರ್ವತಕ್ಕೆ ಮರಳಿದ್ದಾರೆ. ಇವುಗಳ ನಡುವಿನ ಬದುಕು ಪೂರ್ತಿ ಖಾಲಿ. ಮರ್ಕ್‌ವುಡ್ ಅಂಚಿನ ಒಂದು ಹಳ್ಳಿಯವರು ಡೋಲ್ ಗುಲ್ಡೂರ್ ಕಡೆಯಿಂದ ಬರುವ ಕತ್ತಲನ್ನು ಹೇಗೆ ಎದುರಿಸಿದರು? ಪುಸ್ತಕದಲ್ಲಿ ಉತ್ತರ ಇಲ್ಲ. ಅದನ್ನು ನಿಮ್ಮ ಆಟಗಾರರೇ ಕೊಡಲಿ. 2011ರಲ್ಲಿ ಬಂದ 'ದ ಒನ್ ರಿಂಗ್' ಆಟ ತನ್ನ ಕಥೆಯನ್ನು ಇದೇ ಬಿಡುವಿನಲ್ಲಿ ಇಟ್ಟಿರುವುದು ಸುಮ್ನೆ ಅಲ್ಲ.

ಕೊನೆ ಗೊತ್ತಿರುವುದನ್ನೇ ಬಂಡವಾಳ ಮಾಡಿಕೊಳ್ಳುವ ದಾರಿಯೂ ಇದೆ. ನನಗೆ ಇದು ಜಾಸ್ತಿ ಇಷ್ಟ. ಕುಬ್ಜರ ಹಳೆಯ ಭೂಗತ ನಗರ ಮೋರಿಯಾ ನೋಡಿ. 2989ರಲ್ಲಿ ಕುಬ್ಜರ ಮುಂದಾಳು ಬಾಲಿನ್ ತನ್ನ ಜನರನ್ನು ಕರೆದುಕೊಂಡು ಅಲ್ಲಿಗೆ ಹೋಗುತ್ತಾನೆ. 2994ರಲ್ಲಿ ಅವನು ಸಾಯುತ್ತಾನೆ, ವಸಾಹತು ನಾಶವಾಗುತ್ತದೆ. ಫ್ರೋಡೋನ ಬಳಗಕ್ಕೆ ಅಲ್ಲಿ ಸಿಗುವುದು ಒಂದು ಸಮಾಧಿ ಮತ್ತು ಹರಿದ ಪುಸ್ತಕ. ಈಗ ನಿಮ್ಮ ಐವರೂ ಆ ವಸಾಹತಿನ ಕುಬ್ಜರು ಅಂದುಕೊಳ್ಳಿ. ಮೇಜಿನ ಸುತ್ತ ಕೂತವರಲ್ಲಿ ಓದಿದವರಿಗೆ ಕೊನೆ ಗೊತ್ತು, ಪಾತ್ರಗಳಿಗೆ ಗೊತ್ತಿಲ್ಲ. ಮೊದಲ ವರ್ಷದ ಗೆಲುವಿನ ಸಂಭ್ರಮವನ್ನು ಆಡುವಾಗಲೇ ಎದೆ ಭಾರವಾಗುತ್ತದೆ. ಮೋರಿಯಾ ಉಳಿಯುತ್ತದಾ ಅನ್ನುವ ಪ್ರಶ್ನೆಯನ್ನು ಬಿಟ್ಟುಬಿಡಿ. ಯಾರು ಹೊರಗೆ ಬರುತ್ತಾರೆ, ಯಾರನ್ನು ಹಿಂದೆ ಬಿಟ್ಟು ಬರುತ್ತಾರೆ, ಆ ಪುಸ್ತಕದ ಕೊನೆಯ ಪುಟ ಬರೆದವರು ಯಾರು? ಇವು ನಿಮ್ಮ ಪ್ರಶ್ನೆಗಳು. ಆಟಗಾರರು ನಿಜಕ್ಕೂ ಬಾಲಿನ್‌ನನ್ನು ಬದುಕಿಸಿಬಿಟ್ಟರೆ? ಬದುಕಲಿ! ಬದುಕಿದ ಬಾಲಿನ್ ಮುಂದೆ ಏನು ಮಾಡುತ್ತಾನೆ ಅನ್ನುವುದು ಇನ್ನೊಂದು ಕ್ಯಾಂಪೇನ್‌ಗೆ ಸಾಲುವಷ್ಟು ಸರಕು.

ಹೆಸರುವಾಸಿ ಪಾತ್ರಗಳನ್ನು ಮಿತವಾಗಿ ತನ್ನಿ. ಗ್ಯಾಂಡಾಲ್ಫ್ ಬರಲಿ, ಒಂದು ಕೆಲಸ ಒಪ್ಪಿಸಲಿ, ಹೊರಟುಹೋಗಲಿ. ಅವನು ನಿಂತು ಹೋರಾಡಿದರೆ ನಿಮ್ಮ ಐವರು ಆಟಗಾರರು ಪ್ರೇಕ್ಷಕರಾಗುತ್ತಾರೆ. ದ ಹಾಬಿಟ್‌ನಲ್ಲೂ ಮರ್ಕ್‌ವುಡ್ ಬಾಗಿಲಲ್ಲಿ ಅವನು ಬಳಗವನ್ನು ಬಿಟ್ಟು ಹೋಗುತ್ತಾನೆ. ಅವನಿಗೆ ಬೇರೆ ಕೆಲಸ ಇರುತ್ತದೆ, ಕಾಡು ದಾಟುವುದು ಬಿಲ್ಬೋ ಮತ್ತು ಕುಬ್ಜರ ಪಾಲಿಗೆ ಬರುತ್ತದೆ. ನೀವೂ ಹಾಗೇ ಮಾಡಿ.

ಓದಿದವರು, ಓದದವರು ಒಟ್ಟಿಗೆ ಇರುವುದು ತೊಂದರೆ ಅಂತ ನಿಮಗೆ ಅನಿಸಿದೆ. ಪಾತ್ರಗಳನ್ನು ಅದಕ್ಕೆ ತಕ್ಕಂತೆ ಹಂಚಿದರೆ ಅದೇ ಅನುಕೂಲ. ಎಲ್ಲ ಬಲ್ಲವರಿಗೆ ಹಳೆಯ ಕಥೆಗಳನ್ನು ಬಲ್ಲ ಎಲ್ಫ್ ಅಥವಾ ಪಂಡಿತನ ಪಾತ್ರ ಕೊಡಿ. ಓದದ ಇಬ್ಬರು ಹಾಬಿಟ್‌ಗಳಾಗಲಿ. ಶೈರ್‌ನ ಆಚೆ ಏನಿದೆ ಅಂತ ಹೆಚ್ಚಿನ ಹಾಬಿಟ್‌ಗಳಿಗೆ ಗೊತ್ತೇ ಇಲ್ಲ, ತಿಳಿಯುವ ಆಸೆಯೂ ಕಡಿಮೆ. ಆಟಗಾರ ಬೆರಗಾದಾಗ ಪಾತ್ರವೂ ಬೆರಗಾಗುತ್ತದೆ. ಅವರಿಗೆ ಓದಲು ಒಂದೇ ಒಂದು ಪುಟ ಬರೆದುಕೊಡಿ, ಸಾಕು.

ಪ್ರಶ್ನೆ: ನಾನು ಆಡಿಸುವಾಗ ಒಬ್ಬ ಗೆಳೆಯ ಪದೇ ಪದೇ 'ಪುಸ್ತಕದಲ್ಲಿ ಹಾಗಿಲ್ಲ' ಅಂತ ತಿದ್ದುತ್ತಾನೆ. ಉಳಿದವರಿಗೆ ಕಿರಿಕಿರಿ. ಏನು ಮಾಡಲಿ?

ಉತ್ತರ: ಮೊದಲು ಅವನ ಪ್ರೀತಿಯನ್ನು ಗೌರವಿಸಿ. ಆ ಲೋಕವನ್ನು ಅಷ್ಟು ಹಚ್ಚಿಕೊಂಡವರು ಮೇಜಿನಲ್ಲಿ ಇರುವುದು ಒಳ್ಳೆಯದೇ. ಸೆಷನ್ ನಡುವೆ ಬೇಡ, ಮುಗಿದ ಮೇಲೆ ಹೇಳು ಅಂತ ಬೇರೆಯಾಗಿ ಕರೆದು ಕೇಳಿಕೊಳ್ಳಿ. ಊರಿನ ಹೆಸರು, ದೂರ, ಹಳೆಯ ವಂಶಾವಳಿ ಬೇಕಾದಾಗ ನೀವೇ ಅವನನ್ನು ಕೇಳಿ. ತಿದ್ದುವ ಹುಮ್ಮಸ್ಸಿಗೆ ಒಂದು ಕೆಲಸ ಸಿಗುತ್ತದೆ.

ಅದಕ್ಕಿಂತ ದೊಡ್ಡ ಸಂಗತಿ ಒಂದಿದೆ, ಅವನಿಗೂ ಹೇಳಿ. ಪುಸ್ತಕದಲ್ಲಿ ಇದ್ದದ್ದನ್ನು ಟೋಲ್ಕಿನ್ ತಾವೇ ಬದಲಿಸಿದ್ದಾರೆ. 1937ರಲ್ಲಿ ಬಂದ ದ ಹಾಬಿಟ್‌ನ ಮೊದಲ ಆವೃತ್ತಿಯಲ್ಲಿ, ಉಂಗುರವನ್ನು ಇಟ್ಟುಕೊಂಡಿದ್ದ ಗೊಲ್ಲಮ್ ಎಂಬ ಗುಹೆಯ ಜೀವಿ ಬಿಲ್ಬೋ ಜೊತೆಗಿನ ಒಗಟಿನ ಪಂದ್ಯಕ್ಕೆ ಉಂಗುರವನ್ನೇ ಬಹುಮಾನವಾಗಿ ಇಡುತ್ತಾನೆ. ಸೋತ ಮೇಲೆ ಉಂಗುರ ಸಿಗದಿದ್ದಾಗ ಕ್ಷಮೆ ಕೇಳಿ ದಾರಿ ತೋರಿಸುತ್ತಾನೆ. ಆಮೇಲೆ ಆ ಉಂಗುರ ಲೋಕವನ್ನೇ ನುಂಗುವ ವಸ್ತುವಾಗಿ ಬೆಳೆಯಿತು. ಅಂಥದ್ದನ್ನು ಗೊಲ್ಲಮ್ ಬಹುಮಾನವಾಗಿ ಬಿಟ್ಟುಕೊಡುತ್ತಾನಾ? ಹಾಗಾಗಿ 1951ರ ಆವೃತ್ತಿಯಲ್ಲಿ ಟೋಲ್ಕಿನ್ ಆ ಅಧ್ಯಾಯವನ್ನು ಬದಲಿಸಿದರು. ಹಳೆಯ ರೂಪವನ್ನು ಎಸೆಯಲಿಲ್ಲ. ಅದು ಬಿಲ್ಬೋ ಮೊದಲು ಹೇಳಿದ ಸುಳ್ಳು, ಉಂಗುರದ ಪ್ರಭಾವಕ್ಕೆ ಅದೇ ಸಾಕ್ಷಿ, ಅಂತ ಕಥೆಯೊಳಗೇ ಜಾಗ ಕೊಟ್ಟರು.

ಗೇಮ್ ಮಾಸ್ಟರ್‌ಗೆ, ಅಂದರೆ ಆಟ ಆಡಿಸುವವರಿಗೆ, ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ನೀವು ಪುಸ್ತಕಕ್ಕೆ ವಿರುದ್ಧವಾಗಿ ಏನಾದರೂ ಹೇಳಿದ್ದು ಗೊತ್ತಾದರೆ, ಆಟ ನಿಲ್ಲಿಸಿ ತಿದ್ದಬೇಡಿ. 'ನಿಮಗೆ ಆ ಮಾತು ಹೇಳಿದವರು ಯಾರು? ಅವರು ಯಾಕೆ ಹಾಗೆ ಹೇಳಿರಬಹುದು?' ಅಂತ ಕೇಳಿ. ಕಥೆಯ ಒಬ್ಬ ಮುದುಕನ ಬಾಯಲ್ಲಿ ನೀವು ತಪ್ಪು ಇಸವಿ ಹೇಳಿಸಿದ್ದರೆ, ಆ ಮುದುಕ ಈಗ ಏನನ್ನೋ ಮುಚ್ಚಿಡುತ್ತಿದ್ದಾನೆ. ತಿದ್ದುವ ಗೆಳೆಯನಿಗೆ ಮಾತ್ರ ಆ ಸುಳಿವು ಹೊಳೆಯುತ್ತದೆ! ಅವನ ಓದು ಆಟಕ್ಕೆ ಅಡ್ಡಿಯಾಗುವ ಬದಲು ಪತ್ತೇದಾರನ ಕಣ್ಣಾಗುತ್ತದೆ.

1978ರ ರೂನ್‌ಕ್ವೆಸ್ಟ್ ಆಟದ ಲೋಕ ಗ್ಲೊರಾಂಥಾ. ಅದನ್ನು ಕಟ್ಟಿದವರು ಗ್ರೆಗ್ ಸ್ಟ್ಯಾಫರ್ಡ್. ಅದನ್ನು ಆಡುವವರಲ್ಲಿ 'ನಿಮ್ಮ ಗ್ಲೊರಾಂಥಾ ಬೇರೆಯೇ ಇರುತ್ತದೆ' ಅನ್ನುವ ಮಾತು ಬಳಕೆಯಲ್ಲಿದೆ. ನಿಮ್ಮ ಮೇಜಿನಲ್ಲೂ ಅದು ಚಲಾವಣೆಗೆ ಬರಲಿ.

ಪ್ರಶ್ನೆ: ನಮಗೆ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಎಂಬ ರೋಲ್-ಪ್ಲೇಯಿಂಗ್ ಆಟದ ನಿಯಮಗಳು ಚೆನ್ನಾಗಿ ಗೊತ್ತು. ಬೇರೆ ಲೋಕಕ್ಕೆ ಅದನ್ನೇ ಬಳಸಬಹುದಾ?

ಉತ್ತರ: ಬಳಸಬಹುದು, ಆದರೆ ಹಾಗೇ ಎತ್ತಿ ಇಡಬೇಡಿ. ಲೋಕದ ರುಚಿ ನಿಯಮಗಳಲ್ಲೂ ಇರುತ್ತದೆ. 1981ರ ಕಾಲ್ ಆಫ್ ಕ್ಥುಲು ಆಟದಲ್ಲಿ ಮನಸ್ಸಿನ ಸ್ವಾಸ್ಥ್ಯಕ್ಕೇ ಒಂದು ಅಂಕಿ ಇದೆ, ಭಯಾನಕವಾದದ್ದನ್ನು ಕಂಡಷ್ಟೂ ಅದು ಕರಗುತ್ತದೆ. ಆ ಅಂಕಿಯನ್ನು ತೆಗೆದುಬಿಟ್ಟರೆ ಭಯವೂ ಹೋಗುತ್ತದೆ. ಮಿಡ್ಲ್-ಅರ್ಥ್‌ನಲ್ಲಿ ಮಾಯೆ ಅಪರೂಪ. ಮೊದಲ ದಿನವೇ ಬೆಂಕಿ ಉಗುಳುವ ಮಂತ್ರವಾದಿ ಅಲ್ಲಿ ಹೊಂದುವುದಿಲ್ಲ. ಅದಕ್ಕೇ ಡಂಜನ್ಸ್ ಆಂಡ್ ಡ್ರ್ಯಾಗನ್ಸ್‌ನ ಐದನೇ ಆವೃತ್ತಿಯ ನಿಯಮಗಳ ಮೇಲೆ ಕಟ್ಟಿದ, 2016ರಲ್ಲಿ ಬಂದ ಅಡ್ವೆಂಚರ್ಸ್ ಇನ್ ಮಿಡ್ಲ್-ಅರ್ಥ್‌ನಲ್ಲಿ ಮಂತ್ರ ಹಾಕುವ ಪಾತ್ರಗಳ ವರ್ಗಗಳನ್ನೇ ಕೈಬಿಟ್ಟು, ಪ್ರಯಾಣಕ್ಕೆ ಪ್ರತ್ಯೇಕ ನಿಯಮ ಕೊಟ್ಟರು. ನಿಮ್ಮ ಲೋಕ ಯಾವುದೇ ಇರಲಿ, ಅಲ್ಲಿನ ಜನ ಯಾವುದಕ್ಕೆ ಹೆದರುತ್ತಾರೆ, ಯಾವುದಕ್ಕೆ ಬೆಲೆ ಕೊಡುತ್ತಾರೆ ಅಂತ ಬರೆದುಕೊಳ್ಳಿ. ಆ ಎರಡಕ್ಕೂ ಡೈಸ್ ಉರುಳಿಸುವ ಒಂದೊಂದು ನಿಯಮ ಇದೆಯಾ ನೋಡಿ. ಇಲ್ಲದಿದ್ದರೆ ಸೇರಿಸಿ, ಅಡ್ಡ ಬರುವ ವರ್ಗಗಳನ್ನು ಸೆಷನ್ ಜೀರೋದಲ್ಲೇ ತೆಗೆದುಬಿಡಿ.